ಒಗ್ಗುವ ಕೆಲಸ ಎಲ್ಲಿದೆ?

ಪ್ರಶ್ನೆ: ನಾನು ತುಮಕೂರಿನವಳು, ಪ್ರಾಥಮಿಕ ಶಾಲೆಯ ಶಿಕ್ಷಕಿ. ಮಗನಿಗೆ ಈಗ 25 ವರ್ಷ. ಬಿ.ಕಾಂ. ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದಾನೆ. ಚಿಕ್ಕಂದಿನಿಂದಲೂ ಒಂಟಿ ಸ್ವಭಾವ. ಯಾವ ಊರಿಗೆ ಎಷ್ಟು ಹೊತ್ತಿಗೆ ಬಸ್ಸು ಎಂದು ಕೇಳಿದರೆ ಥಟ್ಟನೆ ಹೇಳುತ್ತಾನೆ, ಮನೆಗೆ ಬಂದ ನೆಂಟರ ಮುಖ ನೋಡಿ ನಾಲ್ಕು ಮಾತಾಡು ಎಂದರೆ ಒದ್ದಾಡುತ್ತಾನೆ. ಮೂರು ವರ್ಷದ ಹಿಂದೆ ಬೆಂಗಳೂರಿನ ಮನೋವೈದ್ಯರಿಗೆ ತೋರಿಸಿದಾಗ ಆಸ್ಪರ್ಜರ್ ಸಿಂಡ್ರೋಮ್ ಎಂದರು.

ಮೊದಲು ಕಾಲ್ ಸೆಂಟರಿಗೆ ಸೇರಿದ, ಎರಡೇ ತಿಂಗಳು. ಆಮೇಲೆ ಪರಿಚಯದವರ ಮೆಡಿಕಲ್ ಶಾಪ್. ಅಲ್ಲಿ ಐದು ತಿಂಗಳು ಸ್ಟಾಕ್ ನೋಡಿಕೊಂಡು ಚೆನ್ನಾಗಿಯೇ ಇದ್ದ. ಎಕ್ಸ್‌ಪೈರಿ ಹತ್ತಿರವಾದ ಔಷಧಿಗಳನ್ನು ತಾನೇ ಪಟ್ಟಿ ಮಾಡಿ ಬೇರೆ ಇಡುತ್ತಾನೆ ಎಂದು ಮಾಲೀಕರು ನನ್ನ ಹತ್ತಿರವೇ ಹೊಗಳಿದ್ದರು. ಕೌಂಟರಿನ ಹುಡುಗ ಬಿಟ್ಟುಹೋದ ಮೇಲೆ ಸಂಜೆ ಹೊತ್ತು ಇವನನ್ನು ಅಲ್ಲಿ ನಿಲ್ಲಿಸಿದರು. ಒಂದು ದಿನ ಗಿರಾಕಿಯ ಎದುರೇ ಮಾಲೀಕರಿಗೆ, “ಇದು ಈ ತಿಂಗಳ ಕೊನೆಗೆ ಎಕ್ಸ್‌ಪೈರಿ, ಎರಡು ತಿಂಗಳಿಗೆ ಆಗೋಷ್ಟು ಕೊಡೋ ಹಾಗಿಲ್ಲ” ಎಂದನಂತೆ. ಅವರಿಗೆ ಸಿಟ್ಟು ಬಂತು. ಇನ್ನೊಂದು ಸಂಜೆ ಜನ ಮುಗಿಬಿದ್ದಾಗ ಕಿವಿ ಮುಚ್ಚಿಕೊಂಡು ಒಳಗೆ ಹೋಗಿ ನಿಂತುಬಿಟ್ಟನಂತೆ. ಅಲ್ಲಿಗೆ ಆ ಕೆಲಸವೂ ಹೋಯಿತು. ಮೂರನೆಯದು ಫೈನಾನ್ಸ್ ಕಂಪನಿಯಲ್ಲಿ ಸಾಲಗಾರರಿಗೆ ಫೋನ್ ಮಾಡುವುದು. ಹತ್ತೇ ದಿನಕ್ಕೆ ಬಿಟ್ಟು ಬಂದ.

ಎಂಟು ತಿಂಗಳಿಂದ ಮನೆಯಲ್ಲೇ ಇದ್ದಾನೆ. ನಮ್ಮ ಯಜಮಾನರು ಸೋಂಬೇರಿ ಎನ್ನುತ್ತಾರೆ. ಮದುವೆ ಮಾಡಿದರೆ ಜವಾಬ್ದಾರಿ ಬಂದು ಸರಿಹೋಗುತ್ತಾನೆ ಎಂದು ನಮ್ಮ ನಾದಿನಿ ಒತ್ತಾಯ ಮಾಡುತ್ತಿದ್ದಾರೆ. ಹೋದ ವಾರ ಅವನು, “ಅಮ್ಮಾ, ನಾನು ಯಾವುದಕ್ಕೂ ಲಾಯಕ್ಕಿಲ್ಲ” ಎಂದ. ಅವನಿಗೆ ಎಂಥ ಕೆಲಸ ಒಗ್ಗುತ್ತದೆ? ಸರ್ಕಾರಿ ಕೆಲಸಕ್ಕೆ ಪ್ರಯತ್ನಿಸಬಹುದೇ? ಕೆಲಸ ಕೇಳುವಾಗ ಅವನ ತೊಂದರೆಯನ್ನು ಹೇಳಬೇಕೇ, ಮುಚ್ಚಿಡಬೇಕೇ?

— ಹೆಸರು ಬೇಡ, ತುಮಕೂರು

ಉತ್ತರ: ನಿಮ್ಮ ಪತ್ರದ ಕೊನೆಯ ಭಾಗದಲ್ಲಿರುವ ಮಾತಿಗೆ ಮೊದಲು ಬರುತ್ತೇನೆ. “ಯಾವುದಕ್ಕೂ ಲಾಯಕ್ಕಿಲ್ಲ” ಎಂದು ಮಗ ಹೇಳಿದ್ದನ್ನು ಬೇಸರದ ಮಾತೆಂದು ಬಿಟ್ಟುಬಿಡಬೇಡಿ. ಆಸ್ಪರ್ಜರ್ ಎಂಬುದು ಆಟಿಸಂನ ಒಂದು ರೂಪ. ಆಟಿಸಂ ಇರುವವರಲ್ಲಿ ಆತಂಕ ಮತ್ತು ಖಿನ್ನತೆ ಉಳಿದವರಿಗಿಂತ ಹೆಚ್ಚು. ಒಂದರ ಹಿಂದೆ ಒಂದು ಕೆಲಸ ಕೈತಪ್ಪಿದಾಗ ಅದು ಇನ್ನೂ ಆಳವಾಗುತ್ತದೆ. ಅವನ ನಿದ್ದೆ ಕೆಟ್ಟಿದೆಯೇ, ಊಟ ಕಡಿಮೆಯಾಗಿದೆಯೇ, ಇಷ್ಟದ ಬಸ್ಸಿನ ವಿಷಯದಲ್ಲೂ ಆಸಕ್ತಿ ಕುಂದಿದೆಯೇ ಎಂದು ಗಮನಿಸಿ. ಹೌದಾದರೆ ಕೆಲಸದ ಹುಡುಕಾಟ ಒಂದೆರಡು ತಿಂಗಳು ತಡವಾಗಲಿ, ಮೊದಲು ಮನೋವೈದ್ಯರನ್ನು ಕಾಣಿ. ಸಾಯುವ ಮಾತೇನಾದರೂ ಬಂದರೆ ಒಂದು ದಿನವೂ ಕಾಯಬೇಡಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಸಿಗುತ್ತದೆ. ಹಗಲು ರಾತ್ರಿ ಎನ್ನದೆ, ಕನ್ನಡದಲ್ಲೇ ಮಾತನಾಡಬಹುದು.

ಇನ್ನು ಕೆಲಸದ ಪ್ರಶ್ನೆ. ನಿಮ್ಮ ಮಗ ಮೂರು ಕಡೆ ಸೋತ ಎಂದು ಮನೆಯವರೆಲ್ಲ ಲೆಕ್ಕ ಹಾಕಿದ್ದೀರಿ. ಪತ್ರವನ್ನು ಓದಿದಾಗ ನನಗೆ ಕಂಡದ್ದು ಬೇರೆ. ಮೆಡಿಕಲ್ ಶಾಪಿನಲ್ಲಿ ಅವನು ಐದು ತಿಂಗಳು ಕೆಲಸ ಮಾಡಿದ್ದಾನೆ, ಚೆನ್ನಾಗಿ ಮಾಡಿದ್ದಾನೆ, ಮಾಲೀಕರಿಂದ ಮೆಚ್ಚುಗೆಯನ್ನೂ ಪಡೆದಿದ್ದಾನೆ. ಕೆಟ್ಟದ್ದು ಅವನ ಕೆಲಸವನ್ನು ಬದಲಿಸಿದ ಮೇಲೆ. ಅಂಗಡಿ ಅದೇ, ಮಾಲೀಕರು ಅವರೇ, ಹುಡುಗನೂ ಅವನೇ. ಬದಲಾದದ್ದು ಅವನು ನಿಂತ ಜಾಗ ಮಾತ್ರ.

ಆ ಎರಡು ಜಾಗಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಒಳಗೆ ಸ್ಟಾಕ್ ಇರುವಲ್ಲಿ ಒಂದು ಸಲಕ್ಕೆ ಒಂದೇ ಕೆಲಸ. ಡಬ್ಬಿ ತೆಗೆಯುವುದು, ಸ್ಟ್ರಿಪ್ಪಿನ ಮೇಲಿನ ಬ್ಯಾಚ್ ನಂಬರ್ ಓದುವುದು, ತಿಂಗಳು ವರ್ಷ ನೋಡುವುದು, ಪಟ್ಟಿಯೊಂದಿಗೆ ಹೋಲಿಸುವುದು. ಸರಿಯೋ ತಪ್ಪೋ ಎಂಬುದು ಸ್ಟ್ರಿಪ್ಪಿನ ಮೇಲೆಯೇ ಅಚ್ಚಾಗಿರುತ್ತದೆ, ಯಾರ ಮುಖಭಾವದಿಂದಲೂ ಊಹಿಸಬೇಕಿಲ್ಲ. ಕೌಂಟರಿನಲ್ಲಿ ಸಂಜೆ ಏಳು ಗಂಟೆಗೆ ಡಾಕ್ಟರ ಕ್ಲಿನಿಕ್ಕಿನಿಂದ ಜನ ಒಟ್ಟಿಗೆ ಬರುತ್ತಾರೆ. ನಾಲ್ಕು ಕೈಗಳು ಚೀಟಿ ಚಾಚಿರುತ್ತವೆ. ಓದಲಾಗದ ಕೈಬರಹ, ನಡುವೆ ಯಾರೋ “ಒಂದು ಕ್ರೋಸಿನ್ ಕೊಡಿ ಸಾಕು” ಎನ್ನುತ್ತಾರೆ, ಇನ್ನೊಬ್ಬರಿಗೆ ಚಿಲ್ಲರೆ ಬೇಕು, ಹಣ ಬಂತೆಂದು ಸ್ಪೀಕರ್ ಕೂಗುತ್ತದೆ, ಹಿಂದಿನಿಂದ ಮಾಲೀಕರು ಬೇರೇನೋ ಹೇಳುತ್ತಾರೆ, ರಸ್ತೆಯ ಹಾರನ್ ನಿಂತಿರುವುದಿಲ್ಲ. ನಮ್ಮಲ್ಲಿ ಅನೇಕರ ಮಿದುಳು ಇವುಗಳಲ್ಲಿ ಬೇಡದ್ದನ್ನು ತಾನಾಗಿ ಬದಿಗೆ ಸರಿಸುತ್ತದೆ. ಆಸ್ಪರ್ಜರ್ ಇರುವ ಎಷ್ಟೋ ಜನರಿಗೆ ಎಲ್ಲ ಸದ್ದೂ ಒಂದೇ ಬಲದಲ್ಲಿ ಒಳನುಗ್ಗುತ್ತದೆ. ಅವನು ಕಿವಿ ಮುಚ್ಚಿಕೊಂಡು ಒಳಗೆ ಹೋದದ್ದು ಉದ್ಧಟತನವಲ್ಲ, ಸೋಮಾರಿತನವೂ ಅಲ್ಲ. ತಡೆಯಲಾಗದ್ದರಿಂದ ಪಾರಾಗಲು ಆ ಹೊತ್ತಿನಲ್ಲಿ ಅವನಿಗಿದ್ದ ದಾರಿ ಅದೊಂದೇ. ಕಾಲ್ ಸೆಂಟರ್ ಮತ್ತು ಸಾಲ ವಸೂಲಿ ಈ ಕೌಂಟರಿಗಿಂತಲೂ ಕಠಿಣ. ಅಲ್ಲಿ ದಿನವಿಡೀ ಅಪರಿಚಿತರ ದನಿಯಲ್ಲಿ ಸಿಟ್ಟು, ಸುಳ್ಳು, ನೋವುಗಳನ್ನು ಗುರುತಿಸಿ ತಕ್ಷಣ ಉತ್ತರಿಸಬೇಕು.

ಆದ್ದರಿಂದ “ಯಾವ ಕೆಲಸ” ಎಂದು ಹುದ್ದೆಯ ಹೆಸರಿನಿಂದ ಹುಡುಕಬೇಡಿ. ಆ ಹುದ್ದೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಗಂಟೆಗಂಟೆಗೂ ಏನು ಮಾಡಬೇಕಾಗುತ್ತದೆ ಎಂದು ನೋಡಿ. ನಾನು ನಿಮಗೆ ಹೇಳಬೇಕಾದ ಮುಖ್ಯ ಮಾತು ಇದೇ. ಮಗನ ಜೊತೆ ಕೂತು ಒಂದು ಹಾಳೆಯಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಎಷ್ಟು ಸದ್ದನ್ನು ಎಷ್ಟು ಹೊತ್ತು ಸಹಿಸಬಲ್ಲ? ಕೆಲಸವನ್ನು ಬಾಯಲ್ಲಿ ಹೇಳಿದರೆ ಹಿಡಿಯುತ್ತಾನೋ, ಬರೆದು ಕೊಟ್ಟರೋ? ನಡುವೆ ತಡೆದರೆ ಮತ್ತೆ ಶುರು ಮಾಡಲು ಎಷ್ಟು ಹೊತ್ತು ಬೇಕು? ಯಾವುದನ್ನು ಯಾರೂ ಹೇಳದಿದ್ದರೂ ಮಾಡುತ್ತಾನೆ? ಮಾಡಿದ ಯಾವ ಕೆಲಸಕ್ಕೆ ಮೆಚ್ಚುಗೆ ಬಂದಿತ್ತು, ಯಾವ ಗಳಿಗೆಯಲ್ಲಿ ಕೆಟ್ಟಿತು? ಉತ್ತರ ಅವನ ಕೈಬರಹದಲ್ಲಿರಲಿ. ನೀವು ಅಂದುಕೊಂಡದ್ದಕ್ಕೂ ಅವನು ಬರೆದದ್ದಕ್ಕೂ ವ್ಯತ್ಯಾಸ ಬಂದರೆ ಅವನು ಬರೆದದ್ದೇ ಸರಿ ಎಂದಿಟ್ಟುಕೊಳ್ಳಿ.

ಎಲ್ಲಿ ಹುಡುಕಬೇಕು?

ಅವನ ಬಿ.ಕಾಂ.ಗೆ ಮತ್ತು ನೀವು ಬರೆದ ಸ್ವಭಾವಕ್ಕೆ ನನಗೆ ಮೊದಲು ಹೊಳೆಯುವುದು ಆಡಿಟರ್ ಆಫೀಸು. ಜಿಎಸ್‌ಟಿ ಬಂದ ಮೇಲೆ ಅಲ್ಲೊಂದು ಕೆಲಸ ತಿಂಗಳು ತಿಂಗಳೂ ತಪ್ಪದೆ ಬರುತ್ತದೆ. ವ್ಯಾಪಾರಿಯ ಖರೀದಿ ಪುಸ್ತಕವನ್ನು 14ನೇ ತಾರೀಕಿನ ಹೊತ್ತಿಗೆ ಜಿಎಸ್‌ಟಿ ಪೋರ್ಟಲ್ಲಿನಲ್ಲಿ ಸಿಗುವ, ಮಾರಿದವರು ಸಲ್ಲಿಸಿದ ಬಿಲ್ಲುಗಳ 2ಬಿ ಪಟ್ಟಿಯೊಂದಿಗೆ ತಾಳೆ ನೋಡಬೇಕು. ಮಾರಿದವರ 15 ಅಕ್ಷರದ ಜಿಎಸ್‌ಟಿ ನಂಬರ್, ಬಿಲ್ ನಂಬರ್, ತಾರೀಕು, ತೆರಿಗೆ ಮೊತ್ತ ಎಲ್ಲವೂ ಹೊಂದಬೇಕು. ಬಿಲ್ ನಂಬರಿನಲ್ಲಿ ಒಂದು ಸೊನ್ನೆ ಬಿಟ್ಟುಹೋದರೂ ತಾಳೆಯಾಗುವುದಿಲ್ಲ. ಪಟ್ಟಿಯಲ್ಲಿ ಬಾರದ ಬಿಲ್ಲಿನ ತೆರಿಗೆಯನ್ನು ವ್ಯಾಪಾರಿ ವಜಾ ಮಾಡಿಕೊಳ್ಳುವಂತಿಲ್ಲ. ಈ ಕೆಲಸದಲ್ಲಿ ಎಷ್ಟೋ ಜನಕ್ಕೆ ಮಧ್ಯಾಹ್ನದ ಹೊತ್ತಿಗೆ ಕಣ್ಣು ತಪ್ಪುತ್ತದೆ. ಎಕ್ಸ್‌ಪೈರಿ ಪಟ್ಟಿಯನ್ನು ತಾನಾಗಿ ಮಾಡಿದ ಹುಡುಗನಿಗೆ ಇದು ಒಗ್ಗುವ ಸಾಧ್ಯತೆ ಹೆಚ್ಚು. ಟ್ಯಾಲಿ ಮತ್ತು ಎಕ್ಸೆಲ್ ಕಲಿತಿಲ್ಲದಿದ್ದರೆ ಈಗಿನಿಂದಲೇ ಕಲಿಯಲಿ.

ಎರಡನೆಯದು ಔಷಧಿ ಸ್ಟಾಕಿಸ್ಟುಗಳ ಗೋಡೌನ್. ಅಂಗಡಿಗಳಿಂದ ವಾಪಸ್ ಬರುವ ಎಕ್ಸ್‌ಪೈರಿ ಮಾಲನ್ನು ಬ್ಯಾಚ್‌ವಾರು ವಿಂಗಡಿಸಿ ಕಂಪನಿಗೆ ಕಳಿಸುವುದು ಅಲ್ಲಿ ದೊಡ್ಡ ಕೆಲಸ. ಅವನಿಗೆ ಅನುಭವವೂ ಇದೆ. ಇವಲ್ಲದೆ ಗ್ರಂಥಾಲಯದ ಪುಸ್ತಕ ಪಟ್ಟಿ, ಹಳೆಯ ದಾಖಲೆಗಳ ಸ್ಕ್ಯಾನಿಂಗ್, ಕರಡು ತಿದ್ದುವುದು, ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ಅಳತೆ ಪರೀಕ್ಷೆ, ಸಾರಿಗೆ ಕಂಪನಿಯಲ್ಲಿ ಗಾಡಿಗಳ ರೂಟು ಮತ್ತು ವೇಳಾಪಟ್ಟಿ ಹೊಂದಿಸುವುದು, ಇವನ್ನೂ ಪಟ್ಟಿಯಲ್ಲಿಡಿ. ಕೊನೆಯದನ್ನು ಅವನ ಬಸ್ಸಿನ ಪ್ರೀತಿಯನ್ನು ನೆನೆದೇ ಸೇರಿಸಿದ್ದೇನೆ. ವರ್ಷಗಟ್ಟಲೆ ತಾನಾಗಿ ಕಲಿತ ವಿಷಯವನ್ನು ಹುಚ್ಚು ಎಂದು ತಳ್ಳಿಹಾಕಬಾರದು.

ಒಂದು ಎಚ್ಚರ. ಆಸ್ಪರ್ಜರ್ ಎಂದಕೂಡಲೇ ಕಂಪ್ಯೂಟರ್ ಪ್ರತಿಭೆ ಎಂದು ಅಂದುಕೊಳ್ಳುವವರಿದ್ದಾರೆ. ಅದು ನಿಜವಲ್ಲ. ಕೆಲವರಿಗೆ ಅಂಕಿ, ಕೆಲವರಿಗೆ ಚಿತ್ರ, ಕೆಲವರಿಗೆ ಗಿಡ, ಪ್ರಾಣಿ. ಕೆಲವರಿಗೆ ಅಡುಗೆಮನೆಯ ಕೆಲಸವೂ ಹಿಡಿಸುತ್ತದೆ. 2017ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ ಮಿಟ್ಟಿ ಕೆಫೆಯಲ್ಲಿ ಬೇರೆ ಬೇರೆ ಅಂಗವೈಕಲ್ಯ ಇರುವವರು ದುಡಿಯುತ್ತಿದ್ದಾರೆ. ನಿಮ್ಮ ಮಗನಿಗೆ ಗಿರಾಕಿಗಳ ಗದ್ದಲ ಆಗದು, ಇನ್ನೊಬ್ಬರಿಗೆ ಅದು ಸಂತೋಷ ಕೊಡಬಹುದು. ಅದಕ್ಕೇ ಪಟ್ಟಿ ಅವನದೇ ಆಗಿರಬೇಕು ಎಂದೆ.

ಹುಡುಕುವಾಗ ದಾರಿಯನ್ನೂ ಕೆಲಸದ ಭಾಗವೆಂದೇ ಎಣಿಸಿ. ಬೆಂಗಳೂರಿನಲ್ಲಿ ಸಂಬಳ ಹೆಚ್ಚು ಸಿಗಬಹುದು. ಆದರೆ ದಿನಾ ತುಮಕೂರಿನಿಂದ ತುಂಬಿದ ರೈಲಿನಲ್ಲಿ ಹೋಗಿ ಬಂದರೆ ಮೇಜಿನ ಮುಂದೆ ಕೂರುವ ಹೊತ್ತಿಗೇ ಅರ್ಧ ಶಕ್ತಿ ಮುಗಿದಿರುತ್ತದೆ. ಊರಿನಲ್ಲೇ, ನಡೆದು ಹೋಗುವ ದೂರದಲ್ಲಿ, ಸ್ವಲ್ಪ ಕಡಿಮೆ ಸಂಬಳದ ಕೆಲಸ ಮೊದಲ ಎರಡು ವರ್ಷಕ್ಕೆ ವಾಸಿ.

ಸಂದರ್ಶನದ ಬದಲು ಕೆಲಸ ತೋರಿಸಲಿ

ಆಟಿಸಂ ಇರುವವರು ಹೆಚ್ಚಾಗಿ ಸೋಲುವುದು ಸಂದರ್ಶನದಲ್ಲಿ. ಕೆಲಸ ಬಲ್ಲವರನ್ನು ಬಿಟ್ಟು ಮಾತು ಬಲ್ಲವರನ್ನು ಆರಿಸುವ ಪದ್ಧತಿ ಅದು. ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ ಅವರಿಗೆ ಆಟಿಸಂ ಇದೆ. ದನದ ದೊಡ್ಡಿಗಳ ವಿನ್ಯಾಸದಲ್ಲಿ ಹೆಸರು ಮಾಡಿ, ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪ್ರಾಣಿವಿಜ್ಞಾನದ ಪ್ರಾಧ್ಯಾಪಕಿಯಾದರು. ಮಾತಿನಿಂದ ಮೆಚ್ಚಿಸಲು ಹೋಗದೆ ತಾವು ಬರೆದ ನಕ್ಷೆಗಳನ್ನು ಮುಂದಿಟ್ಟು ಕೆಲಸ ಪಡೆದೆ ಎಂದು ಅವರು ಹೇಳುತ್ತ ಬಂದಿದ್ದಾರೆ. ಡೆನ್ಮಾರ್ಕಿನಲ್ಲಿ ಥಾರ್ಕಿಲ್ ಸೋನ್ ಎಂಬ ತಂದೆ, ತಮ್ಮ ಮಗನಿಗೆ ಆಟಿಸಂ ಇದೆ ಎಂದು ತಿಳಿದ ಮೇಲೆ, 2004ರಲ್ಲಿ ಸ್ಪೆಶಲಿಸ್ಟರ್ನ್ ಎಂಬ ಕಂಪನಿ ಕಟ್ಟಿದರು. ಅಲ್ಲಿ ಅಭ್ಯರ್ಥಿಗಳಿಗೆ ಪ್ರಶ್ನೆ ಕೇಳಿ ಕಾಡುವ ಬದಲು ಲೆಗೊ ರೋಬಾಟ್ ಜೋಡಿಸಲು ಕೊಟ್ಟು, ಅವರು ಹೇಗೆ ಯೋಚಿಸುತ್ತಾರೆ ಎಂದು ನೋಡುತ್ತಿದ್ದರು. ಎಸ್‌ಎಪಿ ಎಂಬ ಸಾಫ್ಟ್‌ವೇರ್ ಕಂಪನಿ 2013ರಲ್ಲಿ ಅವರೊಂದಿಗೆ ಕೈಜೋಡಿಸಿ ಆಟಿಸಂ ಇರುವವರನ್ನು ಜಗತ್ತಿನಾದ್ಯಂತ ನೇಮಿಸಿಕೊಳ್ಳುವುದಾಗಿ ಪ್ರಕಟಿಸಿತು. ಅದಕ್ಕೆ ಮುಂಚೆಯೇ ನಮ್ಮ ಬೆಂಗಳೂರಿನಲ್ಲಿರುವ ತನ್ನ ಕಚೇರಿಯಲ್ಲಿ ಆರು ಮಂದಿಯನ್ನು ಸಾಫ್ಟ್‌ವೇರ್ ಪರೀಕ್ಷೆಗೆ ತೆಗೆದುಕೊಂಡು ಪ್ರಯೋಗ ಮಾಡಿತ್ತು. ಈ ದಾರಿ ನಮಗೆ ದೂರದ್ದೇನಲ್ಲ.

ನಿಮ್ಮ ಮಗನೂ ಹೀಗೆ ಮಾಡಲಿ. ಮೆಡಿಕಲ್ ಶಾಪಿನಲ್ಲಿ ಮಾಡುತ್ತಿದ್ದ ಎಕ್ಸ್‌ಪೈರಿ ಪಟ್ಟಿಯ ಮಾದರಿಯೊಂದನ್ನು ಎಕ್ಸೆಲ್ಲಿನಲ್ಲಿ ಅಚ್ಚುಕಟ್ಟಾಗಿ ತಯಾರಿಸಲಿ. ಆ ಮಾಲೀಕರನ್ನು ನೀವು ಭೇಟಿಯಾಗಿ, ಸ್ಟಾಕ್ ಕೆಲಸದ ಬಗ್ಗೆ ಮಾತ್ರ ಎರಡು ಸಾಲು ಬರೆದುಕೊಡಲು ಕೇಳಿ. ಒಮ್ಮೆ ಹೊಗಳಿದವರು ಇಲ್ಲವೆನ್ನಲಿಕ್ಕಿಲ್ಲ. ಇವೆರಡನ್ನು ಹಿಡಿದು ಪರಿಚಯದ ಆಡಿಟರ್ ಬಳಿ ಹೋಗಿ, “ಸಂದರ್ಶನ ಬೇಡ, ಒಂದು ತಿಂಗಳ ಬಿಲ್ಲುಗಳನ್ನು ಕೊಡಿ, ತಾಳೆ ನೋಡಿ ಕೊಡುತ್ತೇನೆ” ಎಂದು ಅವನೇ ಕೇಳಲಿ. ಪ್ರಯೋಗಕ್ಕೆ ಎರಡು ವಾರ ಸಾಕು. ತರಬೇತಿ ಎಂದು ಹೇಳಿ ತಿಂಗಳುಗಟ್ಟಲೆ ಪುಕ್ಕಟೆ ದುಡಿಸಿಕೊಳ್ಳುವವರಿದ್ದರೆ ಒಪ್ಪಬೇಡಿ. ಅವನ ಶ್ರಮಕ್ಕೆ ಬೆಲೆಯಿಲ್ಲ ಎಂದು ಅವನೇ ನಂಬುವಂತಾಗುತ್ತದೆ.

ಬೆಂಗಳೂರಿನ ಎನೇಬಲ್ ಇಂಡಿಯಾ ಸಂಸ್ಥೆ 1999ರಿಂದ ಅಂಗವಿಕಲರ ಉದ್ಯೋಗಕ್ಕಾಗಿ ದುಡಿಯುತ್ತಿದೆ. ಅವರನ್ನೂ ಸಂಪರ್ಕಿಸಿ, ಹೆಸರು ನೋಂದಾಯಿಸಿ.

ಸರ್ಕಾರಿ ಕೆಲಸ ಮತ್ತು ಸರ್ಟಿಫಿಕೇಟು

ಪ್ರಯತ್ನಿಸಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಸೇರಿದೆ. ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ 4 ಮೀಸಲು. ಅದರಲ್ಲಿ ಶೇ 1 ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗೆ ಒಟ್ಟಾಗಿ. ಇದಕ್ಕೆ ಅಂಗವೈಕಲ್ಯ ಕನಿಷ್ಠ ಶೇ 40 ಇದೆ ಎಂಬ ಪ್ರಮಾಣಪತ್ರ ಬೇಕು. ಸ್ವಾವಲಂಬನ್ ಪೋರ್ಟಲ್ಲಿನಲ್ಲಿ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿಗೆ ಅರ್ಜಿ ಹಾಕಿದರೆ ನಿಗದಿಯಾದ ಆಸ್ಪತ್ರೆಯಲ್ಲಿ ಪರೀಕ್ಷಿಸುತ್ತಾರೆ. ಅಲ್ಲಿ ಆಸ್ಪರ್ಜರ್ ಎಂಬ ಹೆಸರು ಬರೆಯದಿದ್ದರೆ ಗಾಬರಿಯಾಗಬೇಡಿ. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಅದನ್ನು ಆಟಿಸಂ ಸ್ಪೆಕ್ಟ್ರಮ್‌ನೊಳಗೆ ಸೇರಿಸಿತು, ವಿಶ್ವ ಆರೋಗ್ಯ ಸಂಸ್ಥೆಯ ಹೊಸ ವರ್ಗೀಕರಣವೂ ಅದನ್ನೇ ಅನುಸರಿಸಿದೆ. ಚೆನ್ನಾಗಿ ಓದಿದ, ಮಾತು ಬರುವ ಹುಡುಗನಿಗೆ ಶೇ 40 ಸಿಗುವುದು ಸುಲಭವಲ್ಲ. ಆದ್ದರಿಂದ ಬಾಲ್ಯದಿಂದ ಕಂಡದ್ದನ್ನು, ಕೆಲಸಗಳಲ್ಲಿ ಎದುರಾದ ತೊಂದರೆಗಳನ್ನು ತಾರೀಕು ಸಮೇತ ಬರೆದುಕೊಂಡು ಹೋಗಿ.

ಹುದ್ದೆಯನ್ನು ಆರಿಸುವಾಗಲೂ ಕೌಂಟರಿನ ಪಾಠ ನೆನಪಿರಲಿ. ಬ್ಯಾಂಕ್ ಕ್ಲರ್ಕ್ ನೇಮಕಕ್ಕೆ ಸಂದರ್ಶನವಿಲ್ಲ, ಪರೀಕ್ಷೆ ಮಾತ್ರ. ಅವನು ಪಾಸಾಗಬಹುದು. ಆದರೆ ಸೇರಿದ ಮೇಲೆ ಕೂರಬೇಕಾದದ್ದು ಕೌಂಟರಿನಲ್ಲೇ. ದಾಖಲೆ, ಲೆಕ್ಕಪತ್ರಗಳ ಕೆಲಸ ಹೆಚ್ಚಿರುವ ಪ್ರಥಮ ಮತ್ತು ದ್ವಿತೀಯ ದರ್ಜೆ ಸಹಾಯಕರ (ಎಫ್‌ಡಿಎ, ಎಸ್‌ಡಿಎ) ಹುದ್ದೆಗಳು ಅವನಿಗೆ ಹೆಚ್ಚು ಹೊಂದುತ್ತವೆ. ಪರೀಕ್ಷೆಗೆ ಓದಲಿ, ಆದರೆ ವರ್ಷಗಟ್ಟಲೆ ಅದಕ್ಕಾಗಿಯೇ ಮನೆಯಲ್ಲಿ ಕಾಯುವುದು ಬೇಡ. ಅರ್ಧ ದಿನದ ಕೆಲಸವೊಂದು ಜೊತೆಯಲ್ಲಿರಲಿ.

ಹೇಳಬೇಕೇ, ಮುಚ್ಚಿಡಬೇಕೇ?

ಇದನ್ನು ನಿರ್ಧರಿಸಬೇಕಾದವನು ನಿಮ್ಮ ಮಗ. ಮೀಸಲಾತಿ ಕೇಳುವುದಾದರೆ ಹೇಳಲೇಬೇಕು. ದೊಡ್ಡ ಕಂಪನಿಯಾದರೆ ಹೇಳುವುದರಿಂದ ಅನುಕೂಲವಿದೆ. 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳೂ ಅಂಗವಿಕಲರಿಗೆ ಏನೇನು ಅನುಕೂಲ ಕೊಡುತ್ತೇವೆ ಎಂಬ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕೆಂದು ಕಾನೂನಿದೆ. ಸಣ್ಣ ಆಫೀಸಿನಲ್ಲಿ ತೊಂದರೆಯ ಹೆಸರಿನಿಂದ ಶುರು ಮಾಡುವುದು ಬೇಡ. ಹೆಸರು ಕೇಳಿದವರು ತಮಗೆ ತೋಚಿದ್ದನ್ನು ಊಹಿಸಿಕೊಳ್ಳುತ್ತಾರೆ. ಏನು ಬೇಕೋ ಅದನ್ನೇ ಹೇಳಲಿ: “ಸಾರ್, ಕೆಲಸವನ್ನು ಬರೆದು ಕೊಟ್ಟರೆ ತಪ್ಪಿಲ್ಲದೆ ಮಾಡುತ್ತೇನೆ. ಒಂದು ಮುಗಿದ ಮೇಲೆ ಇನ್ನೊಂದು ಕೊಡಿ. ಏನಾದರೂ ಬದಲಾವಣೆಯಿದ್ದರೆ ಹಿಂದಿನ ದಿನ ತಿಳಿಸಿ. ಗೋಡೆಯ ಕಡೆಯ ಮೇಜು ಸಿಕ್ಕರೆ ಒಳ್ಳೆಯದು.” ಈ ಯಾವುದಕ್ಕೂ ಮಾಲೀಕರಿಗೆ ಒಂದು ರೂಪಾಯಿ ಖರ್ಚಿಲ್ಲ.

ನಿಮ್ಮ ಯಜಮಾನರಿಗೆ ಈ ಪುಟವನ್ನು ಓದಲು ಕೊಡಿ. ಸೋಂಬೇರಿಯಾದವನು ಯಾರೂ ಹೇಳದೆ ಔಷಧಿಗಳ ತಾರೀಕು ನೋಡುತ್ತ ಕೂರುವುದಿಲ್ಲ. ಮದುವೆಯ ವಿಷಯ: ಮದುವೆ ಯಾವುದಕ್ಕೂ ಚಿಕಿತ್ಸೆಯಲ್ಲ. ಅವನಿಗೆ ಮುಂದೆ ಮದುವೆಯಾಗುವ ಮನಸ್ಸು ಬಂದರೆ, ಹುಡುಗಿಗೆ ಎಲ್ಲವನ್ನೂ ಮೊದಲೇ ತಿಳಿಸಿ, ಇಬ್ಬರೂ ಒಪ್ಪಿ ಆಗಲಿ. ಈಗ ಅವನ ಹೆಗಲ ಮೇಲೆ ಇನ್ನೊಂದು ಭಾರ ಹೊರಿಸಿ, ಗೊತ್ತಿಲ್ಲದ ಹುಡುಗಿಯೊಬ್ಬಳ ಬದುಕನ್ನೂ ಅದರಲ್ಲಿ ಸಿಕ್ಕಿಸುವುದು ಅನ್ಯಾಯ.

ನಿಮ್ಮ ಮಗನಿಗೆ ಎರಡು ಮಾತು

ಇದನ್ನು ನೀವೇ ಓದಬೇಕೆಂದು ಬರೆಯುತ್ತಿದ್ದೇನೆ. ಎಕ್ಸ್‌ಪೈರಿ ಬಗ್ಗೆ ಗಿರಾಕಿಯ ಎದುರು ನೀವು ಹೇಳಿದ ವಿಷಯ ಸರಿಯಾಗಿಯೇ ಇತ್ತು. ಈ ತಿಂಗಳೇ ಅವಧಿ ಮುಗಿಯುವ ಮಾತ್ರೆಯನ್ನು ಎರಡು ತಿಂಗಳ ಬಳಕೆಗೆ ಕೊಡಬಾರದು. ನಿಮ್ಮ ಪ್ರಾಮಾಣಿಕತೆಯನ್ನು ಬಿಡಬೇಡಿ, ಲೆಕ್ಕ ಮತ್ತು ಸ್ಟಾಕಿನ ಕೆಲಸಕ್ಕೆ ಅದೇ ಮೊದಲ ಅರ್ಹತೆ. ಹೇಳುವ ವಿಧಾನವೊಂದನ್ನು ಮಾತ್ರ ಕಲಿಯಿರಿ. ತಪ್ಪು ಕಂಡಾಗ ಮೂರನೆಯವರು ಎದುರಿಗಿದ್ದರೆ ಚೀಟಿಯಲ್ಲಿ ಬರೆದು ಮಾಲೀಕರ ಕೈಗೆ ಕೊಡಿ. ಯಾರೂ ಇಲ್ಲದಿದ್ದರೆ ನೇರವಾಗಿ ಹೇಳಿ. ತಮ್ಮ ತಪ್ಪು ಹೊರಗಿನವರಿಗೆ ತಿಳಿದಾಗ ಜನರಿಗೆ ಅವಮಾನವಾಗುತ್ತದೆ, ಆಗ ಅವರು ವಿಷಯವನ್ನೇ ಕೇಳಿಸಿಕೊಳ್ಳುವುದಿಲ್ಲ. ಹೀಗೆಯೇ, ರಜೆ ಬೇಕಾದರೆ ಬೆಳಗ್ಗೆಯೇ ಮೆಸೇಜ್ ಕಳಿಸುವುದು, ಸದ್ದು ಮಿತಿಮೀರಿದಾಗ “ಐದು ನಿಮಿಷ ಹೊರಗೆ ಹೋಗಿ ಬರುತ್ತೇನೆ” ಎಂದು ತಿಳಿಸಿ ಹೋಗುವುದು, ಇವನ್ನು ನಿಯಮಗಳಂತೆ ಬರೆದಿಟ್ಟುಕೊಳ್ಳಿ. ಅಭ್ಯಾಸದಿಂದ ಬರುತ್ತವೆ.

ಕೆಲಸ ಸಿಕ್ಕ ಮೇಲೆ ಒಂದು ಸಂದರ್ಭವನ್ನು ಮೊದಲೇ ನಿರೀಕ್ಷಿಸಿ. ನಿಮ್ಮನ್ನು ಅರಿತ ಮೇಲಧಿಕಾರಿ ಎಂದಾದರೂ ಬದಲಾಗುತ್ತಾರೆ, ಇಲ್ಲವೇ ನಿಮ್ಮ ಕೆಲಸವನ್ನು ಬದಲಿಸುತ್ತಾರೆ. ಚೆನ್ನಾಗಿ ನಡೆಯುತ್ತಿದ್ದ ಉದ್ಯೋಗಗಳು ಮುರಿಯುವುದು ಹೆಚ್ಚಾಗಿ ಆಗಲೇ. ನಿಮ್ಮ ವಿಷಯದಲ್ಲಿ ಒಮ್ಮೆ ಆಗಿಯೂ ಇದೆ. ನಿಮಗೆ ಹೇಗೆ ಕೆಲಸ ಕೊಟ್ಟರೆ ಚೆನ್ನಾಗಿ ಮಾಡುತ್ತೀರಿ, ಯಾವುದು ಆಗುವುದಿಲ್ಲ ಎಂಬುದನ್ನು ಒಂದು ಪುಟದಲ್ಲಿ ಟೈಪ್ ಮಾಡಿ ಸಿದ್ಧವಾಗಿಟ್ಟುಕೊಳ್ಳಿ. ಹೊಸಬರು ಬಂದ ಮೊದಲ ದಿನವೇ ಅದನ್ನು ಅವರಿಗೆ ಕೊಡಿ. ಕೌಂಟರಿಗೆ ನಿಲ್ಲು ಎಂದರೆ ಆಗುವುದಿಲ್ಲ ಎಂದು ಅಂದೇ ಹೇಳಿ, ಬದಲಿಗೆ ಯಾವ ಕೆಲಸ ಮಾಡಬಲ್ಲಿರಿ ಎಂದೂ ಹೇಳಿ. ಹಾಗೆ ಕೇಳುವ ಹಕ್ಕು ನಿಮಗಿದೆ. ಕೆಲಸವನ್ನು ಉಳಿಸಿಕೊಳ್ಳುವ ದಾರಿಯೂ ಅದೇ.